ಎರಡು ವಾರ ಕೊಡಿ ಸರ್

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹತ್ತು ಯಂತ್ರಗಳಿವೆ. ಎರಡು ಆನ್ ಆಗುವುದಿಲ್ಲ, ಉಳಿದ ಎಂಟರಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲದ ಅವಧಿ, ಅಂದರೆ ಸುರಕ್ಷತೆಯ ತಿದ್ದುಪಡಿಗಳು ಬರುವ ಅವಧಿ ಮುಗಿಯಿತು. ವಿಂಡೋಸ್ 11 ಹಾಕಿಸೋಣವೆಂದರೆ ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನಮ್ಮ ಯಂತ್ರಗಳಲ್ಲಿಲ್ಲ, ಪ್ರೊಸೆಸರೂ ಹಳೆಯದು. ದೀಪಾವಳಿಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪೆನ್‌ಡ್ರೈವ್ ತಂದು ಕೈಗಿಟ್ಟ. "ಇದ್ರಲ್ಲಿ ಲಿನಕ್ಸ್ ಮಿಂಟ್ ಇದೆ ಮೇಡಂ, ವಿಂಡೋಸ್ ಬದಲಿಗೆ ಹಾಕೋ ಪುಕ್ಕಟೆ ಸಿಸ್ಟಮ್. ಹಾಕಿ ನೋಡಿ, ಈ ಮಷೀನುಗಳೇ ಇನ್ನೂ ಮೂರ್ನಾಲ್ಕು ವರ್ಷ ಓಡ್ತವೆ" ಅಂದ. ಪಕ್ಕದಲ್ಲೇ ಇದ್ದ ಮುಖ್ಯ ಶಿಕ್ಷಕರಿಗೆ ಖುಷಿಯೋ ಖುಷಿ. "ಶನಿವಾರವೇ ಎಲ್ಲದಕ್ಕೂ ಹಾಕಿಸಿಬಿಡೋಣ್ವಾ ಮೇಡಂ?" ಅಂತ ಕೇಳಿದರು.

"ಎರಡು ವಾರ ಕೊಡಿ ಸರ್" ಅಂದೆ.

ಪುಕ್ಕಟೆ ಸಿಗುವುದನ್ನು ಹಾಕಿಕೊಳ್ಳಲು ಎರಡು ವಾರ ಯಾಕೆ, ಅಷ್ಟು ದಿನ ನೀವು ಏನು ನೋಡುತ್ತೀರಿ ಎಂದು ಅವರು ಆಮೇಲೆ ಕೇಳಿದರು. ಬೆಲ್ ಹೊಡೆದಿತ್ತು, ಕಾರಿಡಾರಿನಲ್ಲಿ ನಿಂತು ಹೇಳುವಂಥ ಮಾತೂ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕಿ, ಇಪ್ಪತ್ತು ವರ್ಷದ ಮೇಲಾಯಿತು. ಹೊಸ ತಂತ್ರಾಂಶವೊಂದು ಕೈಗೆ ಬಂದಾಗ ಅದು ಏನೇನು ಮಾಡುತ್ತದೆ ಎಂಬ ಪಟ್ಟಿಯನ್ನು ನಾನು ಓದುವುದಿಲ್ಲ, ಅದರ ಜೊತೆ ಬರುವ ಮಾದರಿ ಕಡತಗಳನ್ನು ತೆರೆಯುವುದೂ ಇಲ್ಲ. ಮಾದರಿ ಕಡತದಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಮದುವೆ ಮನೆಯಲ್ಲಿ ಮಕ್ಕಳು ಒಳ್ಳೆ ಬಟ್ಟೆ ಹಾಕಿಕೊಂಡು ಕೂತಿರುವ ಹಾಗೆ. ನನ್ನ ಹತ್ತಿರ ಆಗಲೇ ಇರುವ ಕೆಲಸವನ್ನು ಅದರ ಮುಂದಿಡುತ್ತೇನೆ. ಹಳೆಯ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವರ್ಷ ವರ್ಷವೂ ಮಕ್ಕಳು ಎಡವುವ ಅದೇ ಪಾಠ. ಇದನ್ನು ನಾನು ಯಾರಿಂದಲೂ ಕೇಳಿ ಕಲಿತದ್ದಲ್ಲ, ಕಳೆದುಕೊಂಡು ಕಲಿತದ್ದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಶ್ನೆಪತ್ರಿಕೆಗಳನ್ನು ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸುತ್ತಿದ್ದೆವು. ಆಮೇಲೆ ಕನ್ನಡ ಟೈಪಿಂಗ್ ಕಲಿತೆ. ಆಗಿನ ಫಾಂಟ್‌ಗಳು, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್‌ನವಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರವನ್ನು ಕೂರಿಸಿದಂಥ ಏರ್ಪಾಡು. ಪರದೆಯ ಮೇಲೆ ಕಾಣುವುದು 'ಅ', ಕಂಪ್ಯೂಟರಿನ ಹೊಟ್ಟೆಯೊಳಗಿರುವುದು ಇಂಗ್ಲಿಷಿನ 'ಸಿ'. ಆ ಫಾಂಟ್ ಇರುವ ಯಂತ್ರದಲ್ಲಿ ಏನೂ ತೊಂದರೆಯಿಲ್ಲ. ಏಳೆಂಟು ವರ್ಷ ಹಾಗೆಯೇ ಟೈಪ್ ಮಾಡಿದೆ. ಪ್ರತಿ ಘಟಕಕ್ಕೂ ಪ್ರಶ್ನೆಗಳು, ಅವಕ್ಕೆ ಉತ್ತರಸೂಚಿಗಳು, ಹಿಂದುಳಿದ ಮಕ್ಕಳಿಗೆಂದು ಬರೆದ ಸಣ್ಣ ಸಣ್ಣ ಟಿಪ್ಪಣಿಗಳು. ರಾತ್ರಿ ಮಗಳನ್ನು ಮಲಗಿಸಿ ಕೂತು ಮಾಡಿದ ಕೆಲಸ.

ಯಂತ್ರ ಬದಲಾದ ದಿನ ಆ ಕಡತಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಓರೆ ಗೀಟು, ಚುಕ್ಕಿ, ಟೋಪಿ. ಫಾಂಟ್ ಹುಡುಕಿ ಹಾಕಿದ ಮೇಲೆ ಕನ್ನಡ ಮರಳಿ ಬಂತು, ನಿಜ. ಆದರೆ ಸಹೋದ್ಯೋಗಿಗಳ ಮೊಬೈಲ್‌ಗೆ ಕಳಿಸಿದರೆ ಮತ್ತೆ ಅದೇ ಗೀಟು ಚುಕ್ಕಿ. 'ಪೈಥಾಗೊರಸ್' ಎಂದು ಹುಡುಕಿದರೆ ಒಂದೂ ಸಿಗದು. ಮಕ್ಕಳ ಹೆಸರನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಅದು ಒಳಗಿರುವ ಇಂಗ್ಲಿಷ್ ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತಿತ್ತು. ನಮ್ಮ ಕಣ್ಣಿಗೆ ಅದು ಹಾಜರಿ ಪುಸ್ತಕದ ಹಾಳೆಗಳನ್ನು ಗಾಳಿಗೆ ತೂರಿದ ಹಾಗೆ.

ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಸಿಕ್ಕಿತು. ಪಾಠಗಳೆಲ್ಲ ಸರಿಯಾಗಿ ಬಂದವು. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಒಂದು ವಿಚಿತ್ರ ನಡೆದಿತ್ತು. ಕನ್ನಡ ಮಾಧ್ಯಮದಲ್ಲೂ ತ್ರಿಭುಜಕ್ಕೆ ಇಂಗ್ಲಿಷಿನ ಎ, ಬಿ, ಸಿ ಎಂದೇ ಹೆಸರಿಡುತ್ತೇವಲ್ಲ. ಪರಿವರ್ತಕಕ್ಕೆ ಇದು ನಿಜವಾದ ಇಂಗ್ಲಿಷ್, ಅದು ವೇಷ ಹಾಕಿದ ಕನ್ನಡ ಎಂಬ ಭೇದ ತಿಳಿಯದು. ಹಳೆಯ ಸಂಕೇತದಲ್ಲಿ ಎ ಎಂದರೆ ಅನುಸ್ವಾರ, ಬಿ ಎಂದರೆ ವಿಸರ್ಗ, ಸಿ ಎಂದರೆ ಅ. ಹೀಗಾಗಿ 'ತ್ರಿಭುಜ ಎಬಿಸಿ' ಎಂದಿದ್ದ ಕಡೆಯೆಲ್ಲ 'ತ್ರಿಭುಜ ಂಃಅ' ಎಂದಾಗಿತ್ತು. ಹಿಡಿದುಕೊಳ್ಳಲು ಅಕ್ಷರವೇ ಇಲ್ಲದ ಒಂದು ಸೊನ್ನೆ, ಅದರ ಪಕ್ಕ ಒಂದು ವಿಸರ್ಗ. ಕೆಲವು ಕಡತಗಳನ್ನು ಕೂತು ತಿದ್ದಿದೆ, ಬಹಳಷ್ಟು ಹಾಗೆಯೇ ಉಳಿದವು.

ಈ ಹಳೆಯ ಕಡತಗಳ ಫೋಲ್ಡರೇ ನನ್ನ ಒರೆಗಲ್ಲು. ಯಾವ ಹೊಸ ತಂತ್ರಾಂಶ ಬಂದರೂ ಮೊದಲ ಸಂಜೆ ಇದನ್ನು ಅದರಲ್ಲಿ ತೆರೆಯುತ್ತೇನೆ.

ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಬಹುದಾದ್ದರಿಂದ ಹಾರ್ಡ್ ಡಿಸ್ಕ್ ಮುಟ್ಟದೆ ಎಲ್ಲವನ್ನೂ ನೋಡಲು ಬಂತು. ಇದು ಲಿನಕ್ಸ್‌ನವರು ಮಾಡಿಕೊಟ್ಟಿರುವ ದೊಡ್ಡ ಉಪಕಾರ. ಹಾಕಿದ ಮೇಲೆ ನೋಡುವುದಕ್ಕೂ ಹಾಕುವ ಮೊದಲು ನೋಡುವುದಕ್ಕೂ ಅಜಗಜಾಂತರ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕಗಪ' ಸಿಕ್ಕಿತು. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬೆರಳುಗಳು ರೂಢಿ ಮಾಡಿಕೊಂಡಿರುವ, ಕೆ.ಪಿ. ರಾವ್ ಅವರು ರೂಪಿಸಿದ ಕ್ರಮವೇ ಅದು. ಒತ್ತಕ್ಷರಕ್ಕೆ ಎಫ್ ಒತ್ತಿದೆ, ಒತ್ತಕ್ಷರ ಬಂತು. ಹೊಸಬರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ದಿನಕ್ಕೆ ನಾಲ್ಕು ಪುಟ ಕನ್ನಡ ಟೈಪ್ ಮಾಡುವವರಿಗೆ ಬೆರಳಿನ ಅಭ್ಯಾಸವೇ ಅರ್ಧ ಆಸ್ತಿ.

ಆಮೇಲೆ ನಾನು ಟೈಪ್ ಮಾಡುವ ಪದಗಳು ಯಾವಾಗಲೂ ಅವೇ. ಸ್ವಾತಂತ್ರ್ಯ, ರಾಷ್ಟ್ರೀಯ, ಸೂರ್ಯ, ಕೊನೆಗೆ ರ‍್ಯಾಂಕ್. ಈ ಕೊನೆಯದರಲ್ಲೇ ಎಷ್ಟೋ ತಂತ್ರಾಂಶಗಳು ಸಿಕ್ಕಿಬೀಳುತ್ತವೆ. ಯುನಿಕೋಡ್‌ನಲ್ಲಿ ರ, ಅರ್ಧಾಕ್ಷರದ ಚಿಹ್ನೆ (್), ಯ ಎಂದು ಬರೆದರೆ ಅದು 'ಸೂರ್ಯ'ದಲ್ಲಿ ಇರುವಂತೆ ಅರ್ಕಾವತ್ತು ಆಗುತ್ತದೆ, ಅಂದರೆ 'ರ್ಯಾಂಕ್'. ರ ಮೊದಲು ನಿಂತು ಯ ಅದರ ಒತ್ತಾಗಿ ಕೆಳಗೆ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇರಬೇಕು. ಕೆಲವು ತಂತ್ರಾಂಶಗಳು ಆ ಕಾಣದ ಸಂಕೇತವನ್ನು ಕಸವೆಂದು ಬಗೆದು ಉಳಿಸುವಾಗ ತೆಗೆದುಹಾಕುತ್ತವೆ. ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಿದರೆ ಮಾತ್ರ ಗೊತ್ತಾಗುವುದು. ಮಕ್ಕಳ ಪ್ರಮಾಣಪತ್ರದಲ್ಲಿ ಹಾಗಾಗಬಾರದು. ಮಿಂಟ್ ಜೊತೆಗೆ ಬಂದ, ವರ್ಡ್‌ನಂಥ ಕೆಲಸ ಮಾಡುವ ಲಿಬ್ರೆ ಆಫೀಸ್‌ನಲ್ಲಿ ಬರೆದೆ, ಉಳಿಸಿದೆ, ತೆರೆದೆ, ಪಿಡಿಎಫ್ ಮಾಡಿದೆ. ನಾಲ್ಕೂ ಪದ ಉಳಿದುಕೊಂಡವು.

ಹಳೆಯ ಪತ್ರಿಕೆಗಳಲ್ಲಿ 'ಹೊಂದಿಸಿ ಬರೆಯಿರಿ' ಪ್ರಶ್ನೆಗಳ ಸಾಲುಗಳು ಚೆಲ್ಲಾಪಿಲ್ಲಿಯಾಗಿದ್ದವು. ತಪ್ಪು ನನ್ನದೇ. ಕೋಷ್ಟಕ ಹಾಕದೆ ಸ್ಪೇಸ್ ಒತ್ತಿ ಒತ್ತಿ ಜೋಡಿಸಿದ್ದೆ, ಫಾಂಟಿನ ಅಗಲ ಬದಲಾದೊಡನೆ ಅವು ಸರಿದವು. ಪ್ರಿಂಟರಿನದು ಬೇರೆ ಕಥೆ. ನಮ್ಮ ಆಫೀಸಿನ ಹಳೆಯ ಲೇಸರ್ ಪ್ರಿಂಟರ್ ಮೂರು ಸಂಜೆ ಹಿಡಿಯಿತು, ಕೊನೆಗೂ ಒಂದು ಹಾಳೆ ಹೊರಗೆ ಬರಲಿಲ್ಲ. ಅಂಥ ಅಗ್ಗದ ಪ್ರಿಂಟರುಗಳು ಪುಟವನ್ನು ಕಟ್ಟುವ ಕೆಲಸವನ್ನು ತಾವು ಮಾಡದೆ ಕಂಪ್ಯೂಟರಿನ ಮೇಲೆ ಹಾಕುತ್ತವೆ. ಅದಕ್ಕೆ ಬೇಕಾದ ಚಾಲಕ ತಂತ್ರಾಂಶ ಇಲ್ಲವೆಂದರೆ ಇಲ್ಲ, ಅಷ್ಟೇ. ಶನಿವಾರವೇ ಎಲ್ಲವನ್ನೂ ಬದಲಿಸಿದ್ದರೆ ಸೋಮವಾರ ಟಿಸಿ ಕೇಳಿಕೊಂಡು ಬಂದ ತಂದೆಯೊಬ್ಬರಿಗೆ ನಾಳೆ ಬನ್ನಿ ಎನ್ನಬೇಕಾಗುತ್ತಿತ್ತು. ಅವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಮಕ್ಕಳ ದಾಖಲೆ ಇಡುವ ಸರ್ಕಾರದ ಸ್ಯಾಟ್ಸ್‌ನಂಥವು ಬ್ರೌಸರಿನಲ್ಲಿ ತೆರೆದುಕೊಳ್ಳುವುದರಿಂದ ಆ ಕಡೆ ಚಿಂತೆಯಿರಲಿಲ್ಲ.

ಒಳಗೆ ಹಾಕಿದ್ದನ್ನು ಹೊರಗೆ ತೆಗೆಯಲು ಬರುತ್ತದೆಯೇ ಎಂಬುದನ್ನೂ ತಪ್ಪದೆ ನೋಡುತ್ತೇನೆ. ಕೆಲವು ವರ್ಷಗಳ ಹಿಂದೆ ದಾನಿಗಳ ಹಣದಿಂದ ಶಾಲೆಗೆ ಪಾಠದ ಡಿವಿಡಿಗಳ ಒಂದು ಕಟ್ಟು ಕೊಂಡಿದ್ದೆವು. ಬಣ್ಣ ಬಣ್ಣದ ಚಿತ್ರ, ಕನ್ನಡದಲ್ಲಿ ವಿವರಣೆ, ಮಕ್ಕಳಿಗೆ ಬಹಳ ಇಷ್ಟ. ಅವೆಲ್ಲ ಅಡೋಬಿ ಕಂಪನಿಯ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ಪ್ಲೇಯರಿನ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರೇ ತನ್ನೊಳಗೆ ಏನನ್ನೂ ಓಡಿಸದಂತೆ ತಡೆಯಿತು. ಕೊರೊನಾ ರಜೆ ಮುಗಿಸಿ ಬಂದ ನಮಗೆ ಸಿಕ್ಕಿದ್ದು ಬೂದು ಬಣ್ಣದ ಚೌಕ. ಕೊಟ್ಟ ಕಂಪನಿಗೆ ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿರಲಿಲ್ಲ. ಆ ದುಡ್ಡು ಊರವರದ್ದು, ಅಡಿಕೆ ಕೊಯ್ಲು ಮುಗಿದ ಮೇಲೆ ಮನೆಮನೆಯಿಂದ ಸೇರಿಸಿದ್ದು. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ಹೊತ್ತಿಗೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ತಂಡದವರು ತಮ್ಮ ಸಿಮ್ಯುಲೇಶನ್‌ಗಳನ್ನು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳನ್ನು, ಒಂದೊಂದಾಗಿ ಬ್ರೌಸರೇ ನೇರವಾಗಿ ಓಡಿಸಬಲ್ಲ ಎಚ್‌ಟಿಎಂಎಲ್5ಕ್ಕೆ ಬದಲಿಸಿಕೊಂಡು ಬರುತ್ತಿದ್ದರು. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಕೆಲಸವದು. ಒಂದು ಸಿಮ್ಯುಲೇಶನ್ ಅಂದರೆ ಒಂದೇ ಕಡತ, ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದರೆ ನೆಟ್ ಇಲ್ಲದಿದ್ದರೂ ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ. ಹಲವು ಕನ್ನಡದಲ್ಲೇ ಇವೆ. ನಮ್ಮ ಪುಸ್ತಕದ ಪದ, ಅವರ ಅನುವಾದದ ಪದ ಎರಡೂ ಒಂದೇ ಇರಬೇಕೆಂದಿಲ್ಲ, ಪಾಠಕ್ಕೆ ಮೊದಲು ಒಮ್ಮೆ ಕೂತು ಓದಿಕೊಳ್ಳಬೇಕು.

ಎರಡನೆಯ ವಾರ ತರಗತಿಗೆ ಹೋದೆ. ಫೆಟ್‌ನ ವಿದ್ಯುನ್ಮಂಡಲವನ್ನು ಹತ್ತನೆಯವರ ಮುಂದಿಟ್ಟೆ. ಕಲಿಸುವ ತಂತ್ರಾಂಶದಲ್ಲಿ ನಾನು ನೋಡುವುದು ಇಷ್ಟು: ಮಗು ತಪ್ಪು ಮಾಡಲು ಅದು ಬಿಡುತ್ತದೆಯೇ? ಹುಡುಗನೊಬ್ಬ ಬಲ್ಬನ್ನು ಬಿಟ್ಟು ಬ್ಯಾಟರಿಯ ಎರಡು ತುದಿಗೂ ಸೀದಾ ತಂತಿ ಕಟ್ಟಿದ. ಪರದೆಯ ಮೇಲೆ ಬ್ಯಾಟರಿಗೆ ಬೆಂಕಿ ಹೊತ್ತಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡ, ಆಮೇಲೆ ಗೆಳೆಯನನ್ನು ಕರೆದು ಮತ್ತೆ ಬೇಕೆಂದೇ ಕಟ್ಟಿ ತೋರಿಸಿದ. "ನಮ್ಮ ತೋಟದ ಸ್ಟಾರ್ಟರ್ ಸುಟ್ಟಿದ್ದು ಹಿಂಗೇನಾ ಮೇಡಂ?" ಎಂದು ಕೇಳಿದ. ಲ್ಯಾಬಿನಲ್ಲಿ ಈ ತಪ್ಪನ್ನು ನಾನು ಮಾಡಗೊಡುವುದಿಲ್ಲ, ಮಾಡಗೊಡಬಾರದು. ಇಲ್ಲಿ ಮಾಡಬಹುದು. ಪಾಠದ ಕೊನೆಗೆ ಚಪ್ಪಾಳೆಯ ಸದ್ದು ಕೇಳಿಸಿ ನಕ್ಷತ್ರ ಕೊಡುವ ತಂತ್ರಾಂಶಗಳನ್ನೂ ನೋಡಿದ್ದೇನೆ. ಅವುಗಳಲ್ಲಿ ಮಗು ಕೂತಿರುತ್ತದೆ, ಕೆಲಸವನ್ನೆಲ್ಲ ಪರದೆಯೇ ಮಾಡುತ್ತಿರುತ್ತದೆ.

ಆದರೆ ನನಗೆ ಬಹಳ ದಿನ ನೆನಪಿರುವುದು ಒಂಬತ್ತನೆಯ ತರಗತಿಯ ಆ ಬುಧವಾರ.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಇದನ್ನು ಕಲಿಸಲು ನನ್ನ ಹತ್ತಿರ ಒಳ್ಳೆಯ ಹಳೆಯ ದಾರಿ ಇದೆ. ಕಾಗದದ ತ್ರಿಭುಜ ಕತ್ತರಿಸಿ, ಮೂರು ಮೂಲೆಗಳನ್ನು ಹರಿದು ಪಕ್ಕ ಪಕ್ಕ ಇಟ್ಟರೆ ನೇರ ಗೆರೆ ಆಗುತ್ತದೆ. ಖರ್ಚಿಲ್ಲ, ಕರೆಂಟ್ ಬೇಡ. ಹಾಗಿರುವಾಗ ಕಂಪ್ಯೂಟರ್ ಯಾಕೆ ಬೇಕು? ಈ ಪ್ರಶ್ನೆಗೆ ಉತ್ತರ ಹೇಳಲಾರದ ತಂತ್ರಾಂಶವನ್ನು ನಾನು ತರಗತಿಗೆ ಒಯ್ಯುವುದಿಲ್ಲ. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಹೇಳಬಲ್ಲದು. ಕಾಗದದಲ್ಲಿ ಒಂದು ಮಗುವಿಗೆ ಒಂದು ತ್ರಿಭುಜ. ಇಲ್ಲಿ ಶೃಂಗವನ್ನು ಹಿಡಿದು ಎಳೆದರೆ ಒಂದು ನಿಮಿಷದಲ್ಲಿ ನೂರು ತ್ರಿಭುಜ, ಕಡ್ಡಿಯಂತೆ ಸಣ್ಣದು, ಚಪ್ಪಟೆಯಾದದ್ದು, ಎಲ್ಲವೂ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ 2001ರ ಸುಮಾರಿಗೆ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರು ಮಾಡಿದ್ದು ಇದು. ನಮ್ಮ ಯಂತ್ರಗಳಿಗೆ ಅದರ ಹಳೆಯ ಆವೃತ್ತಿ ಕ್ಲಾಸಿಕ್ 5 ಸಾಕು, ನೆಟ್ ಕೇಳುವುದಿಲ್ಲ.

ದಶಮಾಂಶ ಕಂಡು ಮಕ್ಕಳು ಗಾಬರಿಯಾಗದಿರಲಿ ಎಂದು ನಾನು ಮೊದಲೇ ಕೋನಗಳನ್ನು ಪೂರ್ಣಾಂಕಕ್ಕೆ ಇಳಿಸಿಟ್ಟಿದ್ದೆ. ಯಂತ್ರಕ್ಕೆ ಐದೈದು ಮಕ್ಕಳು. ಎಲ್ಲರೂ ಎಳೆಯುತ್ತಿದ್ದಾರೆ, ಕೂಗುತ್ತಿದ್ದಾರೆ. ಕಿಟಕಿಯ ಪಕ್ಕದ ಯಂತ್ರದಲ್ಲಿ ಕೂತಿದ್ದ ಹುಡುಗಿ ಮಾತ್ರ ನೋಟ್ ಪುಸ್ತಕದಲ್ಲಿ ಏನೋ ಕೂಡುತ್ತಿದ್ದಳು. ಹೆಚ್ಚು ಮಾತಾಡುವವಳಲ್ಲ. ಹತ್ತಿರ ಹೋದೆ.

"ಮೇಡಂ, ಇದು ತಪ್ಪು ತೋರಿಸ್ತಾ ಇದೆ."

"ಏನಮ್ಮ ತಪ್ಪು?"

"ನಲವತ್ತೇಳು, ಅರವತ್ತೆರಡು, ಎಪ್ಪತ್ತು. ಕೂಡಿದ್ರೆ ನೂರೆಪ್ಪತ್ತೊಂಬತ್ತೇ ಬರೋದು."

ಅವಳ ಗುಂಪಿನ ಹುಡುಗ, "ಕಂಪ್ಯೂಟರ್ ತಪ್ಪು ಹೇಳಲ್ಲ ಕಣೇ, ನೀನೇ ಸರಿಯಾಗಿ ಕೂಡಿಲ್ಲ" ಅಂದ. ಅವಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಮೂರು ಸಲ ಕೂಡಿದ್ದಳು.

ನಾನು ಆಯ್ಕೆಗಳಿಗೆ ಹೋಗಿ ಒಂದು ದಶಮಾಂಶ ಸ್ಥಾನ ತೋರಿಸುವಂತೆ ಮಾಡಿದೆ. 47.4, 62.3, 70.3. ಕೂಡಿದರೆ ಸರಿಯಾಗಿ 180. ಪೂರ್ಣಾಂಕಕ್ಕೆ ಇಳಿಸುವಾಗ ಮೂರರ ಬಾಲವೂ ಕತ್ತರಿಸಿಹೋಗಿ ಒಂದು ಡಿಗ್ರಿ ಕಾಣೆಯಾಗಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳು ಸ್ವಲ್ಪ ಹೊತ್ತು ಪರದೆ ನೋಡಿ, "ಈಗಲೂ ಬಾಲ ಇರುತ್ತಲ್ಲ ಮೇಡಂ? ಇನ್ನೊಂದು ಮನೆ ಜಾಸ್ತಿ ಮಾಡಿದ್ರೂ ಇರುತ್ತಲ್ಲ?" ಅಂದಳು. ಎರಡು ಸ್ಥಾನಕ್ಕೆ ಏರಿಸಿ ಶೃಂಗ ಎಳೆದೆವು. ಒಂದು ಕಡೆ 180.01 ಬಂತು. ಇಡೀ ತರಗತಿ ಆ ಯಂತ್ರದ ಸುತ್ತ ನೆರೆಯಿತು. ಹಾಗಾದರೆ ಸರಿಯಾಗಿ 180 ಎಂದು ನಮಗೆ ಹೇಗೆ ಗೊತ್ತು? ಅಳೆದು ಅಲ್ಲ, ಎಷ್ಟು ಮನೆ ಏರಿಸಿದರೂ ಅಲ್ಲ. ಬೋರ್ಡಿಗೆ ಬಂದೆವು. ಮೇಲಿನ ಶೃಂಗದ ಮೂಲಕ ಬುಡದ ಬಾಹುವಿಗೆ ಸಮಾಂತರವಾಗಿ ಒಂದು ಗೆರೆ ಎಳೆದೆ. ಪರ್ಯಾಯ ಕೋನಗಳು ಸಮ, ಮೂರೂ ಸೇರಿ ಸರಳ ಕೋನ. ಇಷ್ಟು ವರ್ಷ ಈ ಸಾಧನೆಯನ್ನು ಪರೀಕ್ಷೆಗೆ ಬರುತ್ತದೆ ಎಂದು ಮಕ್ಕಳು ಬರೆದುಕೊಳ್ಳುತ್ತಿದ್ದರು. ಆ ದಿನ ಅದು ಅವರಿಗೆ ಬೇಕಾಗಿತ್ತು.

ಆ ತಂತ್ರಾಂಶಕ್ಕೆ ನಾನು ಅಂಕ ಕೊಡುವುದಾದರೆ ಇದಕ್ಕೆ ಕೊಡುತ್ತೇನೆ. ತಾನು ಅಂಕಿಗಳನ್ನು ಇಳಿಸಿ ತೋರಿಸುತ್ತಿದ್ದೇನೆ ಎಂಬುದನ್ನು ಅದು ಬಚ್ಚಿಡಲಿಲ್ಲ, ಬದಲಿಸಲು ನಮಗೆ ಗುಂಡಿ ಕೊಟ್ಟಿತ್ತು.

2021ರ ಡಿಸೆಂಬರ್‌ನಲ್ಲಿ ಜಿಯೋಜೀಬ್ರಾವನ್ನು ಬೈಜೂಸ್ ಕೊಂಡಿತು. 2024ರ ಜುಲೈನಲ್ಲಿ ಬೈಜೂಸ್‌ನ ಮೂಲ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಜಿಯೋಜೀಬ್ರಾ ನಡೆಯುತ್ತಲೇ ಇದೆ, ಆದರೆ ಡಿವಿಡಿಯ ನೋವು ಉಂಡವಳಾದ್ದರಿಂದ ನಾನು ನನ್ನ ಕಡತಗಳನ್ನು ಬಿಚ್ಚಿ ನೋಡಿದೆ. ಜಿಯೋಜೀಬ್ರಾದ ಕಡತ ನಿಜಕ್ಕೂ ಒಂದು ಜಿಪ್ ಕಟ್ಟು. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ಮುಂದಿರುವ ಅಕ್ಷರಗಳನ್ನು ಜಿಪ್ ಎಂದು ಬದಲಿಸಿ ತೆರೆದರೆ ಒಳಗೆ ಸಾದಾ ಪಠ್ಯದ ಒಂದು ಕಡತ, ಅದರಲ್ಲಿ ಬಿಂದುಗಳ ಹೆಸರು, ಅವುಗಳ ನಿರ್ದೇಶಾಂಕಗಳು, ಯಾವುದನ್ನು ಯಾವುದಕ್ಕೆ ಜೋಡಿಸಿದೆ ಎಂಬುದೆಲ್ಲ ಓದಲು ಬರುತ್ತದೆ. ಲಿಬ್ರೆ ಆಫೀಸ್‌ನ ಕಡತವೂ ಹಾಗೆಯೇ. ಇದು ನನಗೆ ಧೈರ್ಯ ಕೊಡುತ್ತದೆ. ತಂತ್ರಾಂಶ ಹೋದರೂ ಬರೆದದ್ದು ಮನುಷ್ಯರ ಕಣ್ಣಿಗೆ ಕಾಣುವಂತೆ ಇರುತ್ತದೆ.

ಈಗ ಎಲ್ಲರೂ ಕೇಳುವ ಎಐ ಬಗ್ಗೆ ಒಂದು ಮಾತು. ಪ್ರಶ್ನೆಪತ್ರಿಕೆ ಮಾಡಿಕೊಡು ಎಂದು ನಾನು ಕೇಳುವುದಿಲ್ಲ. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದ ಮಗುವಿನ ಉತ್ತರವನ್ನು ಹಾಕಿ, ಈ ಮಗು ಎಲ್ಲಿ ಎಡವಿದೆ ಎಂದು ಕೇಳುತ್ತೇನೆ. 5/6 ಎಂದು ಸರಿ ಉತ್ತರ ಕೊಟ್ಟು ಮುಗಿಸಿದರೆ ನನಗೆ ಅದರಿಂದ ಉಪಯೋಗವಿಲ್ಲ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾಳೆ ಎಂದು ಗುರುತಿಸಿ, ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ ಎಂದು ಮಗುವನ್ನೇ ಕೇಳಿದರೆ ಆಗ ಮಾತು. ಒಮ್ಮೊಮ್ಮೆ ಆ ಮಟ್ಟಕ್ಕೆ ಬಂದಿದೆ. ಮಕ್ಕಳ ಕೈಗೆ ಕೊಡಲು ನನಗಿನ್ನೂ ಮನಸ್ಸು ಬಂದಿಲ್ಲ.

ಎರಡು ವಾರ ಮುಗಿದು ಇನ್ನೂ ಮೂರು ದಿನ ಆದ ಮೇಲೆ ಮುಖ್ಯ ಶಿಕ್ಷಕರ ಕೋಣೆಗೆ ಹೋದೆ. ಏಳು ಯಂತ್ರಗಳಿಗೆ ಮಿಂಟ್ ಹಾಕೋಣ ಸರ್, ಒಂದನ್ನು ಹಾಗೆಯೇ ಬಿಡೋಣ, ಪ್ರಿಂಟರ್ ಅದಕ್ಕೇ ಇರಲಿ, ನೆಟ್ ಸಂಪರ್ಕ ಬೇಡ ಅಂದೆ. ಅವರು ಒಪ್ಪಿದರು. ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ದು ಮುದ್ರಿಸುತ್ತೇವೆ. ಓಡಾಟ ಹೆಚ್ಚಾಯಿತು, ನಡೆಯುತ್ತದೆ.

ಮೊನ್ನೆ ಪುನರಾವರ್ತನೆಗೆಂದು 2011ರ ಪತ್ರಿಕೆಯೊಂದನ್ನು ತೆರೆದು ಒಂಬತ್ತನೆಯವರಿಗೆ ಕೊಟ್ಟಿದ್ದೆ. ಕಿಟಕಿ ಪಕ್ಕದ ಯಂತ್ರದಿಂದ ಅದೇ ಹುಡುಗಿ ಕೈ ಎತ್ತಿದಳು. "ಮೇಡಂ, ಈ ತ್ರಿಭುಜಕ್ಕೆ ಹೆಸರೇ ಇಲ್ಲ, ಬರೀ ಸೊನ್ನೆ ಇದೆ." ಹೋಗಿ ನೋಡಿದರೆ ನಾನು ತಿದ್ದದೆ ಬಿಟ್ಟಿದ್ದ 'ಂಃಅ'. ಅದು ಹೇಗಾಯಿತು ಎಂದು ಹೇಳಿದೆ. ಕನ್ನಡದ ಯಾವ ಪದದಲ್ಲೂ ಅನುಸ್ವಾರದ ಬೆನ್ನಲ್ಲೇ ವಿಸರ್ಗ ಬರುವುದಿಲ್ಲ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಹುಡುಕಿ ಬದಲಿಸಬಹುದು ಎಂದೂ ಹೇಳಿದೆ. ಅವಳು ಹುಡುಕು ಎಂಬ ಪೆಟ್ಟಿಗೆ ತೆರೆದು ಆ ಮೂರು ಚಿಹ್ನೆ ಅಂಟಿಸಿದಳು. ಹದಿನಾಲ್ಕು ಕಡೆ ಸಿಕ್ಕಿತು. "ಎಲ್ಲಾ ಬದಲಿಸ್ಲಾ ಮೇಡಂ?" ಅಂದಳು. "ಒಂದೊಂದೇ ನೋಡಿಕೊಂಡು ಬದಲಿಸಮ್ಮ" ಅಂದೆ. ಅವಳು ಮೊದಲನೆಯದಕ್ಕೆ ಹೋದಳು.